1993ರ ಎಂಎಂ540 ಜೀಪು ತಗೊಂಡೆ, ಮಿಸ್ತ್ರಿ ಎಂಜಿನ್ ಬಿಚ್ಚೋಣ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಚಿಂಚೋಳಿ_ಹುಡುಗ

ಎಲ್ಲರಿಗೂ ನಮಸ್ಕಾರ. ಹುಮನಾಬಾದ್ ಕಡೆಯ ರೈತರೊಬ್ಬರಿಂದ 1993ನೇ ಮಾಡೆಲ್ ಮಹೀಂದ್ರಾ ಎಂಎಂ540 ತಗೊಂಡಿದ್ದೇನೆ. ಕೆಎ-38 ಪಾಸಿಂಗ್, ಪ್ಯೂಜೋ ಡೀಸೆಲ್ ಎಂಜಿನ್, ಫೋರ್ ವೀಲ್. ಕಬ್ಬಿನ ಹೊಲದ ಪಕ್ಕ ತಗಡಿನ ಶೆಡ್ಡಿನಲ್ಲಿ ಬಹಳ ಕಾಲ ನಿಂತಿದ್ದ ಗಾಡಿ. ಅವರ ಮಗ ಪುಣೆಗೆ ಹೋದ ಮೇಲೆ ಓಡಿಸುವವರಿರಲಿಲ್ಲ, ಕೋಳಿಗಳು ಮಾತ್ರ ಹತ್ತಿ ಇಳಿಯುತ್ತಿದ್ದವು. ಸೀಟಿನ ಕೆಳಗೆ ಈಗಲೂ ಗರಿ ಸಿಗುತ್ತವೆ.

ಶೋಕಿಗೆ ತಗೊಂಡಿದ್ದಲ್ಲ. ನಮ್ಮ ತೊಗರಿ ಹೊಲದ ದಾರಿ ಪೂರ್ತಿ ಎರೆ ಮಣ್ಣು. ಜುಲೈ ಬಂತೆಂದರೆ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಹೋಗಲ್ಲ. (ಸ್ವಲ್ಪ ಶೋಕಿಯೂ ಇದೆ, ಸುಳ್ಳು ಯಾಕೆ.)

ಈಗ ತೊಂದರೆ ಹೇಳುತ್ತೇನೆ. ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕು. ಡೀಸೆಲ್ ಕೈಪಂಪು ಒತ್ತಿ ಹೊಡೆದರೆ ಬೇಗ ಹಿಡಿಯುತ್ತದೆ. ಹಿಡಿದ ಮೇಲೆ ದಟ್ಟ ಬಿಳಿ ಹೊಗೆ, ಎಂಜಿನ್ ಬಿಸಿಯಾದ ಮೇಲೆ ಮಾಯ. 45-50ರ ಸ್ಪೀಡಿನಲ್ಲಿ ಗುಂಡಿಗೆ ಬಿದ್ದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ, ಪೂರ್ತಿ ನಿಧಾನ ಮಾಡುವ ತನಕ ನಿಲ್ಲುವುದೇ ಇಲ್ಲ. ಬ್ರೇಕ್ ಎರಡು ಸಲ ತುಳಿದರೆ ಹಿಡಿಯುತ್ತದೆ, ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ. ಮಧ್ಯಾಹ್ನ ಸೇಡಂ ರೋಡಿನಲ್ಲಿ ಹೋದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಮನೆ ಮುಂದಿನ ಡಾಂಬರ್ ರೋಡಿನಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದ ಮೇಲೆ ಲಿವರ್ ಅಲ್ಲೇ ಸಿಕ್ಕಿಕೊಂಡಿದೆ, ವಾಪಸ್ ಬರುತ್ತಿಲ್ಲ. ಕೆಳಗೆ ಆಯಿಲ್ ಹನಿ ಅಂತೂ ಇದ್ದೇ ಇದೆ.

ಇಲ್ಲಿನ ಮಿಸ್ತ್ರಿ "ಮೊದಲು ಎಂಜಿನ್ ಪೂರ್ತಿ ಬಿಚ್ಚೋಣ, ಬೋರ್ ಮಾಡಿಸೋಣ, ಅಂದರೆ ಸವೆದ ಸಿಲಿಂಡರ್ ಕೊರೆಸೋಣ, ಉಳಿದದ್ದು ಆಮೇಲೆ" ಅನ್ನುತ್ತಾರೆ. ಅಪ್ಪ "ಈ ದುಡ್ಡಿಗೆ ಒಂದು ಜೋಡಿ ಎತ್ತು ಬರುತ್ತಿತ್ತು" ಅಂತ ಶುರು ಮಾಡಿದ್ದಾರೆ. ಅವರು ಮತ್ತೆ ಬಾಯಿ ತೆರೆಯುವ ಮೊದಲು ಯಾರಾದರೂ ದಾರಿ ಹೇಳಿ.

ಬೀದರ್_ಫೋರ್‌ಬೈಫೋರ್

ಒಳ್ಳೇ ಗಾಡಿ ತಗೊಂಡಿದ್ದೀರಿ ಬ್ರದರ್, ಫೋಟೋ ಹಾಕಿ! ಹೀಟ್ ಆಗುತ್ತಿದ್ದರೆ ಥರ್ಮೋಸ್ಟಾಟ್ (ಎಂಜಿನ್ ನೀರಿನ ದಾರಿ ತೆರೆದು ಮುಚ್ಚುವ ಬಾಗಿಲು) ತೆಗೆದು ಬಿಸಾಕಿ, ನಮ್ಮ ಕಡೆಯ ಬಿಸಿಲಿಗೆ ಅದು ಬೇಡವೇ ಬೇಡ. ಸ್ಟೇರಿಂಗ್ ನಡುಕಕ್ಕೆ ಒಂದು ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರುವ ಸಣ್ಣ ಶಾಕ್ ಅಬ್ಸಾರ್ಬರ್) ಹಾಕಿಸಿ, ಮುಗೀತು. ನಾನು ಎರಡೂ ಮಾಡಿಸಿದ್ದೇನೆ.

ಕಪನೂರ್_ಕಾಕಾ

ತಮ್ಮಾ, ಎಂಜಿನ್ ಬಿಚ್ಚಿಸಬೇಡ. ಬಿಚ್ಚುವುದೇ ಆದರೆ ಕೊನೆಗೆ. ನೀನು ಬರೆದದ್ದರಲ್ಲಿ ಬೋರ್ ಹೋಗಿದೆ ಅನ್ನುವ ಲಕ್ಷಣ ಒಂದೂ ಇಲ್ಲ. ಬಿಳಿ ಹೊಗೆ ಬಂದು, ಬಿಸಿಯಾದ ಮೇಲೆ ನಿಂತರೆ ತಣ್ಣಗಿದ್ದಾಗ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ನೀಲಿ ಹೊಗೆ ಬಿಡುತ್ತಿದ್ದರೆ, ವಾರ ವಾರ ಆಯಿಲ್ ಕುಡಿಯುತ್ತಿದ್ದರೆ ಆಗ ಬೋರಿನ ಮಾತು ಆಡೋಣ.

ನನ್ನ ಹತ್ತಿರವೂ ಇದೇ ಎಂಜಿನ್ನಿನ ಗಾಡಿ ಇದೆ. ಎಕ್ಸ್‌ಡಿಪಿ 4.90 ಅಂತಾರೆ: ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ, 62 ಹಾರ್ಸ್‌ಪವರ್. ಹೊಸದಿದ್ದಾಗಲೂ ಅಷ್ಟೇ. ಏರಿನಲ್ಲಿ ಎಳೆಯಲ್ಲ ಅಂತ ಕಂಪ್ಲೇಂಟ್ ಮಾಡುವವರೆಲ್ಲ ಇವತ್ತಿನ ಟರ್ಬೋ ಗಾಡಿ ಓಡಿಸಿ ಬಂದವರು. ನಿಧಾನ ಎಳೆಯುವುದು ಇದರ ಜಾಯಮಾನ, ರೋಗ ಅಲ್ಲ.

ಮಿಸ್ತ್ರಿಗೆ ಸಮಾಧಾನ ಆಗಬೇಕಂದರೆ ಒಂದು ಪರೀಕ್ಷೆ ಮಾಡಿಸು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಐಡಲ್‌ನಲ್ಲಿ ಬಿಡು. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿ ಮೇಲೆ ಸುಮ್ನೆ ಇಡು. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿದ ಹಾಗೆ ಸಣ್ಣಗೆ ಕುಣಿದರೆ ಈ ವಯಸ್ಸಿನ ಎಂಜಿನ್ನಿಗೆ ಅದು ಸಹಜ. ಮುಚ್ಚಳ ಹಾರಿ ಬಿದ್ದು, ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಇನ್ನೊಂದು, ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡು. ನೀರಿನಲ್ಲಿ ಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಬರದಿದ್ದರೆ ಹೆಡ್ಡಿನ ಹತ್ತಿರ ಸ್ಪ್ಯಾನರ್ ಹೋಗುವುದು ಬೇಡ.

ಶುರು ಮಾಡಬೇಕಾದ್ದು ಬ್ರೇಕಿನಿಂದ. ಎರಡು ಸಲ ತುಳಿಯಬೇಕು ಅಂದರೆ ಒಂದೋ ಲೈನಿನಲ್ಲಿ ಗಾಳಿ, ಇಲ್ಲವೇ ಬ್ರೇಕ್ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಡ್ರಮ್ಮಿನಿಂದ ದೂರ ಸರಿದಿದೆ. ನಾಲ್ಕೂ ಕಡೆ ಡ್ರಮ್ ಬ್ರೇಕ್ ಇರುವ ಗಾಡಿ, ಲೈನರ್ ಸವೆದ ಹಾಗೆ ಕೈಯಿಂದಲೇ ಅಡ್ಜಸ್ಟ್ ಮಾಡುತ್ತಾ ಇರಬೇಕು. ಎಡಕ್ಕೆ ಎಳೆಯುತ್ತದೆ ಅಂದೆಯಲ್ಲ, ಎಲ್ಲರೂ ಎಡಗಡೆ ಬಿಚ್ಚುತ್ತಾರೆ. ಹೆಚ್ಚಾಗಿ ತಪ್ಪು ಬಲಗಡೆ ಇರುತ್ತದೆ. ಬಲದ್ದು ಹಿಡಿಯುವುದೇ ಇಲ್ಲ, ಎಡದ್ದು ಪಾಪ ಒಂದೇ ಎಳೆಯುತ್ತದೆ. ಖಾಲಿ ರೋಡಿನಲ್ಲಿ ನಿಧಾನ ಸ್ಪೀಡಿನಲ್ಲಿ ನಾಲ್ಕಾರು ಸಲ ಬ್ರೇಕ್ ಹಾಕಿ ನಿಲ್ಲಿಸಿ, ಇಳಿದು ಡ್ರಮ್ಮಿನ ಹತ್ತಿರ ಅಂಗೈ ತಂದು ನೋಡು. ಮುಟ್ಟಬೇಡ, ಕಾವು ಗೊತ್ತಾಗುತ್ತದೆ. ತಣ್ಣಗಿರುವ ಡ್ರಮ್ಮೇ ಕಳ್ಳ.

ಆ ಡ್ರಮ್ ತೆಗೆದರೆ ಎರಡರಲ್ಲೊಂದು ಕಾಣಿಸುತ್ತದೆ. ವೀಲ್ ಸಿಲಿಂಡರ್ ಜಂಗು ಹಿಡಿದು ಪಿಸ್ಟನ್ ಕಚ್ಚಿಕೊಂಡಿರುತ್ತದೆ, ಇಲ್ಲವೇ ಒಳಗಿನ ಸೀಲ್ ಸೋರಿ ಲೈನರ್ ಎಣ್ಣೆ ಕುಡಿದಿರುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕುವವರಿದ್ದಾರೆ. ಬೇಡ. ಮೊದಲು ಸೀಲ್ ಬದಲಿಸಿ ಹೊಸ ಲೈನರ್ ಹಾಕಿಸು, ಎರಡೂ ಕಡೆ ಒಟ್ಟಿಗೆ. ಸಿಲಿಂಡರ್ ಒಳಗೆ ಬೆರಳಾಡಿಸು. ಗುಳಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಉಪಯೋಗವಿಲ್ಲ, ಸಿಲಿಂಡರ್ರೇ ಬದಲಾಗಬೇಕು. ರಬ್ಬರಿನ ಬ್ರೇಕ್ ಪೈಪುಗಳನ್ನೂ ಕಣ್ಣು ಮುಚ್ಚಿ ಬದಲಿಸು. ಹಳೆಯ ಪೈಪು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡಿದೇ ಇರುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯದ್ದು ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ, ಪೂರ್ತಿ ಚೆಲ್ಲಿ ಡಾಟ್ 3 ದರ್ಜೆಯ ಹೊಸದು ಹಾಕು. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು.

ಬೂಸ್ಟರ್ (ಬ್ರೇಕ್ ತುಳಿತಕ್ಕೆ ಬಲ ಕೊಡುವ ಡಬ್ಬಿ) ಇದ್ದರೆ ಅದನ್ನೂ ನೋಡು. ಎಂಜಿನ್ ಆಫ್ ಇದ್ದಾಗ ಪೆಡಲ್ ಗಟ್ಟಿಯಾಗುವ ತನಕ ತುಳಿ, ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡು. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪಂಪು ಅಥವಾ ಅದರ ಪೈಪು.

ಇನ್ನು ನಡುಕ. ಬೀದರಿನವರು ಡ್ಯಾಂಪರ್ ಅಂದರು. ಅವರ ಮೇಲೆ ಸಿಟ್ಟಿಲ್ಲ, ಆದರೆ ಡ್ಯಾಂಪರ್ ಹಾಕಿದರೆ ರೋಗ ಮುಚ್ಚಿಕೊಳ್ಳುತ್ತದೆ, ಹೋಗಲ್ಲ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಾಡಿಸು. ಆಟ, ಅಂದರೆ ಸಡಿಲಿಕೆ, ಇದ್ದೇ ಇರುತ್ತದೆ, ಬರೆದಿಟ್ಟುಕೋ. ಆಗ ಒಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲುಗಾಡಿಸು. ಆಟ ಹೋಯಿತೆಂದರೆ ವೀಲ್ ಬೇರಿಂಗ್ ಸಡಿಲ. ಹೋಗಲಿಲ್ಲ ಅಂದರೆ ಕಿಂಗ್ ಪಿನ್ ಬೇರಿಂಗ್. ಈ ಜೀಪುಗಳ ನಡುಕಕ್ಕೆ ದೊಡ್ಡ ಕಾರಣ ಅದೇ. ಆಕ್ಸೆಲ್ ತುದಿಯ ಗುಂಡನೆಯ ಹೌಸಿಂಗ್ ಮೇಲೂ ಕೆಳಗೂ ಒಂದೊಂದು ಬೇರಿಂಗ್ ಕೂತಿರುತ್ತದೆ. ಸೀಲ್ ಹರಿದು ಗ್ರೀಸ್ ಸೋರಿ, ಎರೆ ಮಣ್ಣಿನ ನೀರು ಒಳಗೆ ಹೋಗಿ ಬೇರಿಂಗ್ ಗುಳಿ ಬಿದ್ದಿರುತ್ತದೆ. ಹೊಸ ಬೇರಿಂಗ್ ಹಾಕಿ, ಮೇಲಿನ ಮುಚ್ಚಳದ ಕೆಳಗಿನ ತೆಳು ತಗಡುಗಳನ್ನು, ಅಂದರೆ ಶಿಮ್ಮುಗಳನ್ನು, ಒಂದೊಂದೇ ಕಡಿಮೆ ಮಾಡುತ್ತಾ ಬರಬೇಕು. ಟೈ ರಾಡ್ ಬಿಚ್ಚಿದಾಗ ಹೌಸಿಂಗ್ ತನ್ನಷ್ಟಕ್ಕೆ ತಿರುಗಬಾರದು, ಕೈಯಿಂದ ತಿರುಗಿಸಿದರೆ ಒಂದೇ ಸಮ ಬಿಗಿ ಸಿಗಬೇಕು. ಇದು ತಾಳ್ಮೆಯ ಕೆಲಸ. ಸುತ್ತಿಗೆ ಹಿಡಿದು ಬರುವ ಮಿಸ್ತ್ರಿಗೆ ಕೊಡಬೇಡ.

ಅದರ ಜೊತೆಗೇ ಟೈ ರಾಡ್ ಎಂಡು, ಡ್ರ್ಯಾಗ್ ಲಿಂಕ್, ಕಮಾನು ಪಟ್ಟಿಯ ಬುಷ್, ಯು ಬೋಲ್ಟ್ ನೋಡು. ಎಂಜಿನ್ ಆಫ್ ಇರಲಿ, ಒಬ್ಬರು ಸ್ಟೇರಿಂಗ್ ಎಡಬಲ ಸ್ವಲ್ಪ ಸ್ವಲ್ಪ ಆಡಿಸಲಿ, ನೀನು ಕೆಳಗೆ ಮಲಗಿ ಪ್ರತಿ ಕೀಲಿನ ಮೇಲೆ ಬೆರಳು ಇಡು. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ.

ಬೆಳಗಿನ ಸ್ಟಾರ್ಟಿಂಗ್ ಬಗ್ಗೆ ನಾಳೆ ಬರೆಯುತ್ತೇನೆ. ಕರೆಂಟ್ ಹೋಯಿತು, ಮೊಬೈಲಿನಲ್ಲಿ ಬೆರಳು ನೋಯುತ್ತಿದೆ.

ಭೀಮಾ_ತೀರ

ಯಾದಗಿರಿಯಿಂದ. ಕಾಕಾ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಲಿವರ್ ಸಿಕ್ಕಿಕೊಂಡಿದ್ದು ಕೆಟ್ಟಿರಲಿಕ್ಕಿಲ್ಲ. ಈ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಾದರೆ ಟೈರ್ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲ್ಲ, ಆ ಒತ್ತಡ ಪೂರ್ತಿ ಗೇರು, ಪ್ರೊಪೆಲ್ಲರ್ ಶಾಫ್ಟಿನಲ್ಲಿ ತಿರುಚಿ ಕೂತು ಲಿವರನ್ನು ಹಿಡಿದುಕೊಳ್ಳುತ್ತದೆ. ನೇರವಾಗಿ ರಿವರ್ಸ್ ಸ್ವಲ್ಪ ದೂರ ಹೋಗಿ, ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ ಎಳೆಯಿರಿ. ಟಪ್ ಅಂತ ಬರುತ್ತದೆ. ಬರದಿದ್ದರೆ ಮುಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿ. ಎತ್ತುವ ಮೊದಲು ಉಳಿದ ಚಕ್ರಕ್ಕೆ ಕಲ್ಲು ಕೊಡಿ, ಒತ್ತಡ ಬಿಟ್ಟಾಗ ಚಕ್ರ ಝಾಡಿಸಿ ತಿರುಗುತ್ತದೆ. ಮುಂದೆ ಒಂದು ಸೈಜು, ಹಿಂದೆ ಒಂದು ಸೈಜು ಟೈರ್ ಇದ್ದರೆ ನೇರ ರೋಡಿನಲ್ಲೂ ಇದೇ ಗೋಳು. ನಾಲ್ಕೂ ಒಂದೇ ಸೈಜಾ ನೋಡಿ.

ಎರಡನೆಯದು ಚಾಸಿ. ಎರೆ ಮಣ್ಣು ಚಾಸಿಯ ಒಳಗೆ ಅಂಟಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಹಿಂದಿನ ಕಮಾನು ಪಟ್ಟಿ ಕೂರುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಠಣ್ ಅಂದರೆ ಕಬ್ಬಿಣ, ದಬ್ ಅಂದರೆ ಜಂಗು ಮತ್ತು ಮಣ್ಣು. ಚಾಸಿ ನಂಬರನ್ನು ಆರ್‌ಸಿ ಜೊತೆ ಹೋಲಿಸಿ ನೋಡಿದ್ದೀರಿ ತಾನೇ? ಹರಿಯಾಣದ ಡಬ್‌ವಾಲಿ ಕಡೆಯಿಂದ ಕಟ್ಟಿಸಿಕೊಂಡು ಬಂದ ಜೀಪುಗಳು ನಮ್ಮ ಕಡೆಯೂ ಬಹಳ ಓಡಾಡುತ್ತವೆ, ಬಾಡಿ ಒಂದರದು, ನಂಬರ್ ಇನ್ನೊಂದರದು ಇರುತ್ತದೆ.

ಆರ್‌ಟಿಒ ವಿಷಯ: 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ. ನಿಮ್ಮದಕ್ಕೆ ಅನ್ವಯಿಸಲ್ಲ. 15 ವರ್ಷದ ನಂತರ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಮಾಮೂಲು. ತಾರೀಕು ನೋಡಿಕೊಳ್ಳಿ. ಬ್ರೇಕ್, ಲೈಟು, ಹೊಗೆ ಸರಿ ಮಾಡಿಸಿದ ಮೇಲೆಯೇ ಹೋಗಿ.

ಕಪನೂರ್_ಕಾಕಾ

ಭೀಮಾ ತೀರದವರು ಲಿವರ್ ಕೆಲಸ ಮುಗಿಸಿದರು, ಒಳ್ಳೆಯದಾಯಿತು. ಅದರ ಮೇಲೆ ಒಂದೇ ಮಾತು: ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸೆಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ), ಎರಡೂ ಆಕ್ಸೆಲ್ಲಿನ ಕ್ರೌನ್ ಗೇರು, ನಾಲ್ಕರ ಎಣ್ಣೆಯನ್ನೂ ಇಳಿಸಿ ನೋಡು. ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ. ಹನಿ ಬೀಳುತ್ತದೆ ಅಂತ ಕೊರಗಬೇಡ, ಲೆವೆಲ್ ನೋಡುತ್ತಿದ್ದರೆ ಸಾಕು. ಹನಿ ನಿಂತ ಜೀಪಿನಲ್ಲಿ ಎಣ್ಣೆ ಮುಗಿದಿದೆ ಅಂತಲೇ ನಮ್ಮ ಗ್ಯಾರೇಜಿನಲ್ಲಿ ನಗುತ್ತಾರೆ.

ಈಗ ಸ್ಟಾರ್ಟಿಂಗ್. ಕೈಪಂಪು ಒತ್ತಿದರೆ ಬೇಗ ಹಿಡಿಯುತ್ತದೆ ಅಂತ ನೀನೇ ಉತ್ತರ ಬರೆದಿದ್ದೀಯ. ರಾತ್ರಿ ನಿಂತಾಗ ಡೀಸೆಲ್ ಪೈಪಿನಿಂದ ಟ್ಯಾಂಕಿಗೆ ಹಿಂದಕ್ಕೆ ಇಳಿಯುತ್ತಿದೆ, ಅದರ ಜಾಗಕ್ಕೆ ಗಾಳಿ ಬರುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಎಳೆಯುವ ಲೈನು, ತಳ್ಳುವ ಲೈನಲ್ಲ. ಅಲ್ಲಿ ತೂತಿದ್ದರೆ ಹೊರಗೆ ಡೀಸೆಲ್ ಹನಿಯುವುದು ಕಡಿಮೆ, ಒಳಗೆ ಗಾಳಿ ಹೋಗುವುದು ಜಾಸ್ತಿ. ಅದಕ್ಕೇ ಯಾರಿಗೂ ಸಿಗಲ್ಲ. ಫಿಲ್ಟರಿನಿಂದ ದೊಡ್ಡ ಪಂಪಿಗೆ (ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪು) ಹೋಗುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ಹಾಕು, ಕ್ಲಿಪ್ ಬಿಗಿ ಮಾಡು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡು. ಪೈಪು ಅರ್ಧ ಖಾಲಿ ಇದ್ದರೆ, ಓಡುವಾಗ ಗುಳ್ಳೆ ಹರಿದರೆ ಸಾಕ್ಷಿ ಸಿಕ್ಕಿತು. ಆಮೇಲೆ ಟ್ಯಾಂಕಿನ ಕಡೆಯಿಂದ ಬಾ: ಸೀಳಿದ ರಬ್ಬರ್ ಪೈಪು, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರು, ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗು, ಕೈಪಂಪಿನದೇ ಸೀಲು. ತಾಮ್ರದ ವಾಷರ್ ಹಳೆಯದೇ ಹಾಕುವುದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೋ. ಟ್ಯಾಂಕ್ ಇಳಿಸಿ ತೊಳೆಸು, ತಳದ ಜಂಗು ಫಿಲ್ಟರನ್ನು ಮತ್ತೆ ಮತ್ತೆ ಕಟ್ಟುತ್ತದೆ.

ಹೊಗೆಗೆ ಹೀಟರ್ ಪ್ಲಗ್ ನೋಡು, ತಣ್ಣನೆಯ ಎಂಜಿನ್ನಿನ ಒಳಗೆ ಕಾವು ಕೊಡುವುದು ಅದೇ. ಪ್ಲಗ್ಗುಗಳನ್ನು ಸೇರಿಸುವ ಪಟ್ಟಿ ಬಿಚ್ಚು. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ ಕೊಟ್ಟು ಇನ್ನೊಂದು ತುದಿ ಪ್ರತಿ ಪ್ಲಗ್ಗಿನ ತಲೆಗೆ ಮುಟ್ಟಿಸು. ಉರಿದರೆ ಪ್ಲಗ್ ಬದುಕಿದೆ, ಉರಿಯದಿದ್ದರೆ ಸತ್ತಿದೆ. ಎಂಜಿನ್ನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ಉಜ್ಜಿ ಹಾಕು, ಸೆಲ್ಫ್ ನಿಧಾನ ತಿರುಗಿದರೆ ಡೀಸೆಲ್ ಎಂಜಿನ್ ಹಿಡಿಯುವುದೇ ಇಲ್ಲ. ಇಷ್ಟಾದ ಮೇಲೂ ಹೊಗೆ ಇದ್ದರೆ ನಾಜಲ್ (ಡೀಸೆಲ್ ಸಿಂಪಡಿಸುವ ಮೂತಿ) ಚೆಕ್ ಮಾಡಿಸು. ದೊಡ್ಡ ಪಂಪಿನ ಸೀಲ್ ಮುರಿಯುವುದು ಎಲ್ಲಕ್ಕಿಂತ ಕೊನೆ.

ಥರ್ಮೋಸ್ಟಾಟ್ ಬಗ್ಗೆ ಬೀದರಿನವರ ಜೊತೆ ಜಗಳ ಆಡಲೇಬೇಕು. ಅದು 80-82 ಡಿಗ್ರಿಗೆ ಬಾಗಿಲು ತೆರೆಯುವ ಸಾಮಾನು. ಕಲಬುರಗಿ ಮೇ ತಿಂಗಳ 43 ಡಿಗ್ರಿಯಲ್ಲಿ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ತೆಗೆದು ಸಿಗುವ ಲಾಭ ಅಷ್ಟಕ್ಕಷ್ಟೇ, ಚಳಿಗಾಲದ ಬೆಳಿಗ್ಗೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿಯುತ್ತದೆ. ನಮ್ಮ ಕಡೆ ಹೀಟ್ ಆಗಲು ಕಾರಣ ಬೋರ್‌ವೆಲ್ ನೀರು. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ನೆಲ. ಆ ನೀರು ವರ್ಷಗಟ್ಟಲೆ ಹಾಕಿದರೆ ರೇಡಿಯೇಟರ್ ನಳಿಗೆಯೊಳಗೆ ಬೆಳ್ಳಗೆ ಪದರ ಕಟ್ಟುತ್ತದೆ. ಹೊರಗಿನಿಂದ ನೀರು ಹಾಯಿಸಿದರೆ ಹೋಗಲ್ಲ. ರೇಡಿಯೇಟರ್ ಅಂಗಡಿಯಲ್ಲಿ ಮೇಲಿನ ಕೆಳಗಿನ ಟ್ಯಾಂಕ್ ಬಿಚ್ಚಿಸಿ ನಳಿಗೆಗಳಿಗೆ ಕಂಬಿ ಹೊಡೆಸಬೇಕು. ಎಂಜಿನ್ ಬ್ಲಾಕಿನ ಡ್ರೈನ್ ತಿರುಪು ಬಿಚ್ಚಿದಾಗ ನೀರು ಬರದಿದ್ದರೆ ಒಳಗೆ ಕೆಸರು ಕಟ್ಟಿದೆ, ತಂತಿಯಿಂದ ಚುಚ್ಚು. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ. ಫ್ಯಾನಿನ ಸುತ್ತಲಿನ ತಗಡಿನ ಗೂಡು ಇದೆಯಾ ನೋಡು. ಹಳೇ ಜೀಪುಗಳಲ್ಲಿ ಯಾರೋ ಬಿಚ್ಚಿ ಗುಜರಿಗೆ ಹಾಕಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಬರೀ ಸುತ್ತಲಿನ ಗಾಳಿ ಕಲಕುತ್ತದೆ, ರೇಡಿಯೇಟರ್ ಮೂಲಕ ಎಳೆಯಲ್ಲ. ತೊಗರಿ ರಾಶಿ ಸಮಯದಲ್ಲಿ ಹೊಟ್ಟು ರೇಡಿಯೇಟರ್ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಸು, ಎದುರಿನಿಂದ ಹೊಡೆದರೆ ಇನ್ನೂ ಒಳಗೆ ಕೂರುತ್ತದೆ.

ಬೀದರ್_ಫೋರ್‌ಬೈಫೋರ್

ಕಾಕಾ, ನಮ್ಮ ಬೀದರ್ ನಿಮ್ಮ ಕಲಬುರಗಿಗಿಂತ ತಂಪು, ಅದಕ್ಕೇ ಥರ್ಮೋಸ್ಟಾಟ್ ಇಲ್ಲದೆಯೂ ನಡೆದಿದೆ ಅಂತ ಇಟ್ಟುಕೊಳ್ಳಿ 😄 ಫ್ಯಾನಿನ ಗೂಡು ಮಾತ್ರ ನನ್ನ ಗಾಡಿಯಲ್ಲೂ ಇಲ್ಲ, ಈಗಷ್ಟೇ ಬಾನೆಟ್ ಎತ್ತಿ ನೋಡಿ ಬಂದೆ.

ಚಿಂಚೋಳಿ_ಹುಡುಗ

ಅಪ್‌ಡೇಟ್. ಲಿವರ್ ರಿವರ್ಸಿನಲ್ಲೇ ಬಂತು, ಭೀಮಾ ತೀರದ ಅಣ್ಣನಿಗೆ ಥ್ಯಾಂಕ್ಸ್. ಮುಚ್ಚಳ ಸಣ್ಣಗೆ ಕುಣಿಯಿತು, ಹಾರಲಿಲ್ಲ. ಮಿಸ್ತ್ರಿ ನೋಡಿ ಸುಮ್ಮನಾದರು. ತಣ್ಣಗಿದ್ದ ಡ್ರಮ್ ಬಲಗಡೆ ಮುಂದಿನದೇ, ಒಳಗೆ ಪಿಸ್ಟನ್ ಕಲ್ಲಾಗಿ ಕೂತಿತ್ತು. ನಾಲ್ಕೂ ಸಿಲಿಂಡರ್, ಪೈಪು ಹೊಸದು ಹಾಕಿಸಿದೆ. ಈಗ ಒಂದೇ ತುಳಿತಕ್ಕೆ ನೇರವಾಗಿ ನಿಲ್ಲುತ್ತದೆ. ಗಾಳಿ ಟ್ಯಾಂಕಿನ ಹತ್ತಿರದ ರಬ್ಬರ್ ಪೈಪಿನಿಂದ ಬರುತ್ತಿತ್ತು, ಕ್ಲಿಪ್ಪಿನ ಅಡಿಯಲ್ಲೇ ಕೂದಲೆಳೆಯಷ್ಟು ಸೀಳು. ಹೀಟರ್ ಪ್ಲಗ್ಗಿನಲ್ಲಿ ಎರಡು ಸತ್ತಿದ್ದವು.

ಕಿಂಗ್ ಪಿನ್ ಬೇರಿಂಗ್ ಎರಡೂ ಕಡೆ ಬದಲಾಯಿತು. 50ರಲ್ಲಿ ಈಗ ಗಟ್ಟಿ. 60 ದಾಟಿದರೆ ಸಣ್ಣ ನಡುಕ ಇನ್ನೂ ಇದೆ. ಚಿಂಚೋಳಿಯಲ್ಲಿ ಅಲೈನ್‌ಮೆಂಟ್ ಅಂಗಡಿಯವರು ಜೀಪು ನೋಡಿ "ಇದು ನಮ್ಮ ಮಿಷನ್ನಿಗೆ ಕೂರಲ್ಲ" ಅಂದರು. ಏನು ಮಾಡಲಿ ಕಾಕಾ?

ಕಪನೂರ್_ಕಾಕಾ

ಮಿಷನ್ ಬೇಡ. ಸಮತಟ್ಟಾದ ನೆಲದಲ್ಲಿ ನಿಲ್ಲಿಸು, ಟೈರಿನ ಗಾಳಿ ಎರಡೂ ಕಡೆ ಸಮ ಇರಲಿ. ಮುಂದಿನ ಎರಡೂ ಚಕ್ರ ಎತ್ತಿ, ಟೈರ್ ತಿರುಗಿಸುತ್ತಾ ನಡುಮಧ್ಯಕ್ಕೆ ಸುಣ್ಣದ ಕಡ್ಡಿ ಹಿಡಿದು, ಅದರ ಮೇಲೆ ಮೊಳೆಯಿಂದ ತೆಳುವಾಗಿ ಒಂದು ಗೆರೆ ಎಳೆ. ಟೈರ್ ಸೊಟ್ಟ ಇದ್ದರೂ ಆ ಗೆರೆ ಸೊಟ್ಟ ಬರಲ್ಲ. ಇಳಿಸಿ, ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಸ್ಟೇರಿಂಗ್ ನೇರ ಇಟ್ಟು, ಆಕ್ಸೆಲ್ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರ ಟೈರಿನ ಮುಂದೊಮ್ಮೆ ಹಿಂದೊಮ್ಮೆ ಟೇಪಿನಲ್ಲಿ ಅಳೆ. ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಟೈ ರಾಡಿನ ಲಾಕ್ ನಟ್ ಸಡಿಲ ಮಾಡಿ ರಾಡ್ ತಿರುಗಿಸು, ಮತ್ತೆ ಅಳೆ, ನಟ್ ಬಿಗಿ ಮಾಡುವುದು ಮರೆಯಬೇಡ.

ಅದೂ ಸರಿ ಇದ್ದರೆ ಮುಂದಿನ ಎರಡು ಟೈರು ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ಓಡಿಸಿ ನೋಡು. ನಡುಕ ಕಡಿಮೆಯಾದರೆ ಟೈರಿನದ್ದೇ ತಪ್ಪು. ಬದಲಾಗದಿದ್ದರೆ ಮುಂದಿನ ಕಮಾನು ಪಟ್ಟಿಯ ಫೋಟೋ ಪಕ್ಕದಿಂದ ತೆಗೆದು ಇಲ್ಲಿ ಹಾಕು. ಪಟ್ಟಿ ಕುಸಿದು ಆಕ್ಸೆಲ್ ಮುಂದಕ್ಕೆ ವಾಲಿದ್ದರೆ ಕೆಳಗೆ ಬೆಣೆ ತಗಡು ಕೊಡಬೇಕಾಗುತ್ತದೆ, ಎಷ್ಟು ದಪ್ಪ ಅಂತ ಫೋಟೋ ನೋಡಿ ಹೇಳುತ್ತೇನೆ.